ಬಪ್ಪಂಗಾಯಿಯ ಸೊನೆಯೂ ಬೆನ್ನಿನ ಡಿಸ್ಕೂ

"ಡಿಸ್ಕು ಜಾರಿದೆಯಂತೆ, ಇಂಜೆಕ್ಷನ್ ಕೊಟ್ಟು ಕೂರಿಸುತ್ತಾರಂತೆ." ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಅಡಿಕೆ ಗೋಣಿ ಎತ್ತಿ ಸೊಂಟ ಹಿಡಿದವರ ಮನೆಯಲ್ಲೆಲ್ಲ ಇದೇ ಮಾತು. ಎರಡೂ ತಪ್ಪು. ಡಿಸ್ಕೆಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ; ಅದು ಜಾರುವುದೇ ಇಲ್ಲ, ಮೇಲಿನ ಕೆಳಗಿನ ಮೂಳೆಗೆ ಅಂಟಿಕೊಂಡೇ ಇರುತ್ತದೆ. ಅದರ ಹೊರಕಟ್ಟು ಸೀಳಿ ಒಳಗಿನ ತಿರುಳು ಹೊರಕ್ಕೆ ನುಗ್ಗುತ್ತದೆ; ನರದ ಬೇರಿಗೆ ತಗುಲಿದರೆ ಕಾಲಿನುದ್ದಕ್ಕೂ ಸೆಳೆತ. ಅದನ್ನು ಒಳಕ್ಕೆ ತಳ್ಳುವ ಸೂಜಿ ಎಲ್ಲೂ ಇಲ್ಲ.

ಕರಗಿಸುವ ಸೂಜಿ ಇತ್ತು, ಅದೂ ನಮ್ಮ ಹಿತ್ತಿಲ ಬಪ್ಪಂಗಾಯಿಯ (ಪಪ್ಪಾಯಿಯ) ಸೊನೆಯಿಂದ!

1956ರಲ್ಲಿ ಅಮೆರಿಕದ ವೈದ್ಯ ಲೂಯಿಸ್ ಥಾಮಸ್ ಮೊಲಗಳ ರಕ್ತನಾಳಕ್ಕೆ ಪಪೇನ್ (ಆ ಸೊನೆಯಲ್ಲಿರುವ, ಪ್ರೋಟೀನು ತುಂಡರಿಸುವ ಕಿಣ್ವ) ಚುಚ್ಚಿದಾಗ ಅವುಗಳ ಕಿವಿ ಬಾಡಿದ ಕೆಸುವಿನೆಲೆಯಂತೆ ಜೋತುಬಿತ್ತು. ಕೆಲವು ದಿನಗಳಲ್ಲಿ ಮತ್ತೆ ನೆಟ್ಟಗಾಯಿತು. ಕಿವಿಯನ್ನು ನಿಲ್ಲಿಸುವ ಮೃದ್ವಸ್ಥಿಯ ಪ್ರೋಟಿಯೋಗ್ಲೈಕಾನ್ ಕರಗಿತ್ತು. ಡಿಸ್ಕಿನ ತಿರುಳಲ್ಲಿ ನೀರು ಹಿಡಿದಿಡುವುದೂ ಅದೇ ವಸ್ತು. ಅದೊಂದು ಮಾವಿನೆಲೆ ತೋರಣ ಅಂದುಕೊಳ್ಳಿ: ನಡುವೆ ಪ್ರೋಟೀನಿನ ದಾರ, ಅದಕ್ಕೆ ಎಲೆಗಳಂತೆ ಸಾಲುಸಾಲು ಸಕ್ಕರೆಯ ಎಳೆಗಳು. ಎಳೆಗಳಿಗೆಲ್ಲ ಋಣ ವಿದ್ಯುದಂಶ. ಒಂದನ್ನೊಂದು ದೂಡುತ್ತ ಸೋಡಿಯಮ್ಮನ್ನೂ, ಅದರ ಹಿಂದೆಯೇ ನೀರನ್ನೂ ಸೆಳೆದುಕೊಳ್ಳುತ್ತವೆ. ಸೊನೆಯಲ್ಲೇ ಇರುವ ಇನ್ನೊಂದು ಕಿಣ್ವ ಕೈಮೊಪಪೇನ್ ಆ ದಾರವನ್ನೇ ತುಂಡರಿಸುತ್ತದೆ. ಎಲೆಗಳು ಚದುರಿ, ನೀರು ಇಳಿದು, ಗಾಳಿ ಹೋದ ಸೈಕಲ್ ಟ್ಯೂಬಿನಂತೆ ಉಬ್ಬು ಸಡಿಲವಾಗುತ್ತದೆ. ಹೊರಕಟ್ಟಿನ ಕೊಲಾಜನ್ ನಾರನ್ನು ಅದು ಹೆಚ್ಚಾಗಿ ಮುಟ್ಟದು, ಜಾಣತನವಿರುವುದೇ ಅಲ್ಲಿ. (ಸೊನೆಯನ್ನು ಬೆನ್ನಿಗೆ ಹಚ್ಚಲು ಹೊರಡಬೇಡಿ. ಚರ್ಮ ಬೊಕ್ಕೆ ಏಳುತ್ತದೆ, ಡಿಸ್ಕಿಗೆ ಏನೂ ತಲುಪದು.)

1964ರಲ್ಲಿ ಅಮೆರಿಕದ ಮೂಳೆವೈದ್ಯ ಲೈಮನ್ ಸ್ಮಿತ್ ಕೈಮೊಪಪೇನನ್ನು ಮನುಷ್ಯರ ಡಿಸ್ಕಿನಲ್ಲಿ ಬಳಸಿದ್ದನ್ನು ಪ್ರಕಟಿಸಿದರು, 1982ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದರೆ ಕೆಲವರ ಮೈಗೆ ಒಗ್ಗದೆ ರಕ್ತದೊತ್ತಡ ಕುಸಿಯಿತು. ಔಷಧಿ ನರಚೀಲಕ್ಕೆ ಸೋರಿದರೆ ಅಲ್ಲೇ ರಕ್ತಸ್ರಾವ. ಈ ಶತಮಾನದ ಆರಂಭಕ್ಕೆ ಅದರ ಕಥೆ ಮುಗಿಯಿತು. 2018ರಲ್ಲಿ ಜಪಾನ್ ಒಪ್ಪಿದ ಕೊಂಡೋಲಿಯೇಸ್ ಎಂಬ ಸೂಜಿಮದ್ದು ದಾರವನ್ನು ಬಿಟ್ಟು ಎಲೆಗಳನ್ನಷ್ಟೇ ಕತ್ತರಿಸುತ್ತದೆ: 1.25 ಯೂನಿಟ್, 1 ಮಿ.ಲೀ., ಜೀವಮಾನದಲ್ಲಿ ಒಂದೇ ಸಲ.

ಇಲ್ಲಿಂದ ಮಂಗಳೂರಿಗೆ ಹೋದವರಿಗೆ ಸಿಗುವುದು ಸಾಮಾನ್ಯವಾಗಿ ಎಪಿಡ್ಯೂರಲ್ ಸ್ಟಿರಾಯ್ಡ್, ಅಂದರೆ ನರಚೀಲದ ಹೊರಗೆ ಬಿಡುವ ಸ್ಟಿರಾಯ್ಡ್ ಮದ್ದು. ಇದು ಡಿಸ್ಕಿನ ತಂಟೆಗೇ ಹೋಗದು, ನರದ ಸುತ್ತಲಿನ ಉರಿಯೂತವನ್ನು ತಣಿಸುತ್ತದೆ. ಕವುಚಿ ಮಲಗಿಸಿ, ಎಕ್ಸ್‌ರೇ ಪರದೆ ನೋಡುತ್ತ, ನರ ಹೊರಬರುವ ಕಿಂಡಿಗೆ ಸೂಜಿ ಇಳಿಸುತ್ತಾರೆ. ಮೊದಲು ಎಕ್ಸ್‌ರೇಯಲ್ಲಿ ಕಾಣುವ ತುಸು ಕಾಂಟ್ರಾಸ್ಟ್ ದ್ರವ. ಅದು ನರದ ಗುಂಟ ಗೆರೆ ಎಳೆದರೆ ಸರಿ. ಬಿಟ್ಟ ಕ್ಷಣವೇ ಮಾಯವಾದರೆ ಸೂಜಿ ರಕ್ತನಾಳದಲ್ಲಿದೆ, ಅಲ್ಲಿಗೇ ನಿಲ್ಲಿಸಬೇಕು. ಹಾಲಿನಂತೆ ಕಾಣುವ ಸ್ಟಿರಾಯ್ಡುಗಳಲ್ಲಿ ಹರಳಿನ ಕಣಗಳಿರುತ್ತವೆ. ಬೆನ್ನುಹುರಿಗೆ ಹೋಗುವ ಧಮನಿಯನ್ನು ಕಟ್ಟಿದರೆ ಕಾಲಿನ ಶಕ್ತಿಯೇ ಹೋದೀತು. ಈ ದಾರಿಯಲ್ಲಿ ಚುಚ್ಚುವಾಗ ನೀರಿನಂತೆ ತಿಳಿಯಾದ ಡೆಕ್ಸಾಮೆಥಸೋನ್ ಮೇಲೆನ್ನುವುದು ಅದಕ್ಕೇ. ಜೊತೆಗಿರುವ ಮರಗಟ್ಟಿಸುವ ಮದ್ದಿನಿಂದ ಕೆಲವು ಗಂಟೆ ಕಾಲು ಜೋಮು ಹಿಡಿದರೆ ಗಾಬರಿ ಬೇಡ. "ಸೊಂಟಕ್ಕೆ ಸೂಜಿ ಹಾಕಿದರೆ ಕಾಲು ಬೀಳುತ್ತದೆ" ಎಂಬ ಪುಕಾರಿನ ಬೇರು ಬಹುಶಃ ಇಲ್ಲೇ.

ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಶುಗರ್ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮೊದಲೇ ಹೇಳಬೇಕು. ಕಾಲಿನ ಸೆಳೆತಕ್ಕೆ ಕೆಲವು ವಾರಗಳ ನೆಮ್ಮದಿ ಸಿಗಬಹುದು. ಬರೀ ಸೊಂಟನೋವಿಗೆ ಇಂಜೆಕ್ಷನ್ ಬೇಡವೆಂದೇ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2016ರಲ್ಲಿ ಹೇಳಿತು. ಹೊರಬಂದ ತಿರುಳು ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ, ಅಲ್ಲಿಯವರೆಗೆ ದಿನ ದೂಡುವುದಕ್ಕೆ ಈ ಸೂಜಿ. ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರಿದರೆ ಮಾತ್ರ ಸೂಜಿಗೆ ಕಾಯುವಂತಿಲ್ಲ. ಅಂದೇ ಎಂಆರ್‌ಐ, ಅಂದೇ ಸರ್ಜನ್.