ಆಲಿವರ್‌ಗೆ ಸಿಗುತ್ತಿದ್ದದ್ದು ನಿಜಕ್ಕೂ ಅಷ್ಟೇ ಗಂಜಿಯಾ?

ಪ್ರಶ್ನೆ: ಡಿಕನ್ಸ್‌ನ ‘ಆಲಿವರ್ ಟ್ವಿಸ್ಟ್’ನಲ್ಲಿ ಹುಡುಗ ಇನ್ನೊಂದಿಷ್ಟು ಗಂಜಿ ಕೇಳಿದ್ದಕ್ಕೇ ದೊಡ್ಡ ರಾದ್ಧಾಂತ ಆಗುತ್ತೆ. ಆಗಿನ ಇಂಗ್ಲೆಂಡಿನಲ್ಲಿ ನಿಜವಾಗಿ ಹೀಗಿತ್ತಾ, ಇಲ್ಲಾ ಜಾಸ್ತಿ ಮಾಡಿ ಬರೆದದ್ದಾ?

ಊಟದ ವಿಷಯದಲ್ಲಿ ಸ್ವಲ್ಪ ಜಾಸ್ತಿ ಮಾಡಿದ್ದು ಹೌದು. ಕಾದಂಬರಿಯಲ್ಲಿ ಮೂರು ಹೊತ್ತೂ ತೆಳು ಗಂಜಿ, ವಾರಕ್ಕೆ ಎರಡು ಸಲ ಈರುಳ್ಳಿ, ಭಾನುವಾರ ಅರ್ಧ ಬನ್ನು. ಆಲಿವರ್ ಇದ್ದಂಥ ವರ್ಕ್‌ಹೌಸ್‌ಗಳಿಗೆ, ಅಂದರೆ ಬಡವರನ್ನು ಇಟ್ಟುಕೊಂಡು ದುಡಿಸುತ್ತಿದ್ದ ಜಾಗಗಳಿಗೆ, ಸರ್ಕಾರ ಮಾಡಿದ್ದ ಊಟದ ಪಟ್ಟಿಗಳಲ್ಲಿ ಬ್ರೆಡ್, ಚೀಸ್, ಆಲೂಗಡ್ಡೆ, ಕೆಲವು ದಿನ ಮಾಂಸವೂ ಇತ್ತು.

ಆದರೆ ಡಿಕನ್ಸ್‌ಗೆ ಸಿಟ್ಟು ಬಂದದ್ದು ಆ ಪಟ್ಟಿಯ ಹಿಂದಿದ್ದ ಲೆಕ್ಕಾಚಾರಕ್ಕೆ. 1834ರಲ್ಲಿ ಬಡವರ ಕಾನೂನು ಬದಲಾಯಿತು. ನೆರವು ಬೇಕಿದ್ದವರು ವರ್ಕ್‌ಹೌಸ್ ಸೇರಬೇಕು. ಹೊರಗಿನ ಕಡುಬಡ ಕೂಲಿಯ ಬದುಕಿಗಿಂತ ಅಲ್ಲಿನ ಬದುಕು ಕಷ್ಟ ಇರಬೇಕು, ಆಗ ಜನ ಬರೋದಕ್ಕೇ ಹೆದರುತ್ತಾರೆ ಅಂತ ಬೇಕಂತಲೇ ಹಾಗೆ ಮಾಡಿದ್ದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಕಾದಂಬರಿ ಕಂತುಗಳಲ್ಲಿ ಶುರುವಾದದ್ದು 1837ರಲ್ಲಿ. ಜಗಳದ ಬಿಸಿ ಇನ್ನೂ ಆರಿರಲಿಲ್ಲ.

ಆ ದೃಶ್ಯವನ್ನು ನಿಧಾನಕ್ಕೆ ಓದಿ. ಅಲ್ಲಿ ಬಟ್ಟಲು ತೊಳೆಯುವ ಕೆಲಸವೇ ಇಲ್ಲ. ಹುಡುಗರು ಚಮಚದಲ್ಲಿ ಕೆರೆದು ಕೆರೆದು ಹೊಳೆಯುವ ಹಾಗೆ ಮಾಡಿರುತ್ತಾರೆ. ಯಾರು ಹೋಗಿ ಕೇಳೋದು ಅಂತ ಚೀಟಿ ಎತ್ತಿದಾಗ ಒಂಬತ್ತು ವರ್ಷದ ಆಲಿವರ್‌ನ ಸರದಿ ಬರುತ್ತದೆ. ಕೇಳಿದ ತಪ್ಪಿಗೆ ತಲೆಗೆ ಸೌಟಿನ ಏಟು. ಮರುದಿನ ಗೇಟಿನ ಮೇಲೆ ನೋಟಿಸು: ಇವನನ್ನು ಕರೆದುಕೊಂಡು ಹೋಗುವವರಿಗೆ 5 ಪೌಂಡ್. ಮಗುವನ್ನು ಸಾಗಹಾಕೋಕೆ ದುಡ್ಡಿದೆ, ಇನ್ನೊಂದು ಸೌಟು ಗಂಜಿಗೆ ಇಲ್ಲ. ಇಡೀ ಪುಸ್ತಕದಲ್ಲಿ ನನ್ನನ್ನು ಜಾಸ್ತಿ ಚುಚ್ಚುವುದು ಈ 5 ಪೌಂಡೇ.

ಡಿಕನ್ಸ್ ಇದನ್ನು ಸುಮ್ನೆ ದೂರ ನಿಂತು ಬರೆದವನಲ್ಲ. 1824ರಲ್ಲಿ ಅಪ್ಪ ಸಾಲಕ್ಕೆ ಜೈಲು ಸೇರಿದಾಗ, 12 ವರ್ಷದ ಅವನು ಬೂಟ್ ಪಾಲಿಶ್ ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿದ್ದ.

ಇನ್ನು ‘ನಿಜವಾಗಿ ಹೀಗಿತ್ತಾ’ ಅಂದರೆ, 1845ರಲ್ಲಿ ಇಂಗ್ಲೆಂಡಿನ ಆಂಡೋವರ್ ಊರಿನಲ್ಲಿ ಆದದ್ದು ನೋಡಿ. ಅಲ್ಲಿನ ವರ್ಕ್‌ಹೌಸಿನಲ್ಲಿ ಗೊಬ್ಬರಕ್ಕೆ ಮೂಳೆ ಪುಡಿ ಮಾಡಿಸುತ್ತಿದ್ದರು. ಹಸಿವು ತಾಳಲಾರದೆ ಜನ ಅದೇ ಮೂಳೆಗಳನ್ನು ಚೀಪುತ್ತಿದ್ದರು, ಅದಕ್ಕಾಗಿ ಕಿತ್ತಾಡುತ್ತಿದ್ದರು. ಪಾರ್ಲಿಮೆಂಟಿನಿಂದ ತನಿಖೆ ನಡೆಯಿತು. 1847ರಲ್ಲಿ ಕಾನೂನಿನ ಉಸ್ತುವಾರಿ ನೋಡುತ್ತಿದ್ದ ಆಯೋಗವನ್ನೇ ತೆಗೆದರು.

ವರ್ಕ್‌ಹೌಸ್‌ಗಳು ಮಾತ್ರ ಹಾಗೇ ಉಳಿದವು. ಡಿಕನ್ಸ್‌ನ ಸಿಟ್ಟೂ ಉಳಿಯಿತು. 1864–65ರ ‘ಅವರ್ ಮ್ಯೂಚುವಲ್ ಫ್ರೆಂಡ್’ನಲ್ಲಿ ಬೆಟ್ಟಿ ಹಿಗ್ಡನ್ ಎಂಬ ಮುದುಕಿ ಬರುತ್ತಾಳೆ. ವರ್ಕ್‌ಹೌಸಿಗೆ ಹೆದರಿ ಊರೂರು ಅಲೆದು, ಕೊನೆಗೆ ಹೊರಗೇ ಸಾಯುತ್ತಾಳೆ. ತನ್ನ ಮಣ್ಣಿನ ಖರ್ಚಿನ ದುಡ್ಡನ್ನು ಬಟ್ಟೆಯೊಳಗೆ ಹೊಲಿದಿಟ್ಟುಕೊಂಡೇ ಅವಳು ಮನೆ ಬಿಟ್ಟಿದ್ದಳು.