ಬ್ಲಾಕರ್ ಏನೂ ಇಲ್ಲ ಸರ್

ಸಾಫ್ಟ್‌ವೇರ್ ಕೆಲಸವನ್ನು ಸಣ್ಣ ಸಣ್ಣ ಹಂತಗಳಲ್ಲಿ, ಒಟ್ಟಾಗಿ ಮಾಡುವ ಅಜೈಲ್ ಪದ್ಧತಿಯನ್ನು ಕಲಿಸುವ ಕೋಚ್ ನಾನು. ಯಾವುದೇ ಟೀಮಿಗೆ ಹೋದರೂ ಮೊದಲ ವಾರ ಅವರ ದಿನನಿತ್ಯದ ಚಿಕ್ಕ ಮೀಟಿಂಗ್ ಆದ ಸ್ಟ್ಯಾಂಡಪ್‌ನಲ್ಲಿ ಸುಮ್ನೆ ಹಿಂದೆ ನಿಂತಿರುತ್ತೇನೆ. ಯಾರು ಯಾರ ಮುಖ ನೋಡಿಕೊಂಡು ಮಾತಾಡುತ್ತಾರೆ ಅಂತ ಗಮನಿಸುತ್ತೇನೆ. ಎಲ್ಲರ ಕಣ್ಣೂ ಮ್ಯಾನೇಜರ್ ಮೇಲಿದ್ದರೆ ಅಲ್ಲಿ ನಡೆಯುತ್ತಿರುವುದು ಬರೀ ಹಾಜರಿ.

ಬೆಂಗಳೂರಿನ ಒಂದು ಟೀಮಿನಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗಿಯೊಬ್ಬಳಿದ್ದಳು. ಮೂರು ದಿನವೂ ಒಂದೇ ಮಾತು: "ನಿನ್ನೆ ಪೇಮೆಂಟ್ ಪೇಜ್, ಇವತ್ತೂ ಅದೇ, ಬ್ಲಾಕರ್ ಏನೂ ಇಲ್ಲ ಸರ್." ಬ್ಲಾಕರ್ ಅಂದರೆ ಕೆಲಸಕ್ಕೆ ಬಂದ ಅಡ್ಡಿ. ಹಾಗೆ ಹೇಳುವಾಗ ಐಡಿ ಕಾರ್ಡಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನಾಲ್ಕನೇ ದಿನ ಕಾಫಿ ಮಷಿನ್ ಹತ್ತಿರ ಕೇಳಿದೆ, "ಎಲ್ಲಿ ಸಿಕ್ಕಿಕೊಂಡಿದೀಯಮ್ಮಾ?" ಟೆಸ್ಟ್ ಸರ್ವರ್‌ಗೆ ಅವಳಿಗೆ ಆಕ್ಸೆಸ್ಸೇ ಇರಲಿಲ್ಲ! ಅದನ್ನು ಯಾರ ಹತ್ತಿರ ಕೇಳಬೇಕು ಅನ್ನೋದು ಪಕ್ಕದ ಸೀಟಿನ ಹುಡುಗನಿಗೆ ಗೊತ್ತಿತ್ತು. ಮಧ್ಯಾಹ್ನದೊಳಗೆ ಕೆಲಸ ಆಯಿತು. "ಮೊದಲೇ ಹೇಳಬಾರದಿತ್ತಾ?" ಅಂದ ಅವನು. "ಎಲ್ಲರೆದುರು ಹೇಗೆ ಹೇಳೋದು?" ಅಂದಳು.

ಮ್ಯಾನೇಜರ್‌ಗಳಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಯಾರು ಯಾವ ಕೆಲಸ ಮಾಡಿದರು ಅಂತ ಒಂದೊಂದು ಕೆಲಸಕ್ಕೂ ಒಂದೊಂದು ಕಾರ್ಡ್ ಇರುವ ಟೀಮಿನ ಬೋರ್ಡೇ ಹೇಳುತ್ತದೆ. ಸ್ಟ್ಯಾಂಡಪ್‌ನ ಆ 15 ನಿಮಿಷ ಇರುವುದು ಕೋಡ್ ಬರೆಯುವವರು, ಟೆಸ್ಟ್ ಮಾಡುವವರು ಒಬ್ಬರಿಗೊಬ್ಬರು ಮಾತಾಡಿಕೊಂಡು ಇವತ್ತಿನ ಪ್ಲಾನ್ ಸರಿಮಾಡಿಕೊಳ್ಳೋದಕ್ಕೆ. ನಿಮಗೆ ವರದಿ ಒಪ್ಪಿಸೋದಕ್ಕಲ್ಲ. ನಿನ್ನೆ ಏನು, ಇವತ್ತೇನು, ಅಡ್ಡಿ ಏನು ಅನ್ನುವ ಮೂರು ಪ್ರಶ್ನೆಗಳನ್ನು ಸ್ಕ್ರಮ್ ಅನ್ನುವ ಅಜೈಲ್ ವಿಧಾನದ ಕೈಪಿಡಿಯಾದ ಸ್ಕ್ರಮ್ ಗೈಡ್ 2020ರಲ್ಲೇ ಕೈಬಿಟ್ಟಿದೆ. ನಮ್ಮಲ್ಲಿ ಇನ್ನೂ ಮಗ್ಗಿ ಹೇಳಿದ ಹಾಗೆ ಒಪ್ಪಿಸುತ್ತಾರೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದಾಗ ಮೊದಲ ಸಾಲಿನಲ್ಲೇ ಪ್ರಕ್ರಿಯೆ, ಟೂಲುಗಳಿಗಿಂತ ಮನುಷ್ಯರಿಗೆ, ಅವರ ನಡುವಿನ ಒಡನಾಟಕ್ಕೆ ಹೆಚ್ಚು ಬೆಲೆ ಕೊಟ್ಟರು. ನಾವು ಟೂಲ್ ಇಟ್ಟುಕೊಂಡೆವು, ಮಾತು ಬಿಟ್ಟೆವು.

ನಾನು ಸಾಮಾನ್ಯವಾಗಿ ಹೇಳುವುದು ಇಷ್ಟೆ. ಒಬ್ಬೊಬ್ಬರನ್ನೇ ಕೇಳಬೇಡಿ, ಬೋರ್ಡಿನ ಬಲಗಡೆಯಿಂದ ಶುರು ಮಾಡಿ. ಮುಗಿಯೋಕೆ ಬಂದಿರುವ ಕಾರ್ಡ್ ಹಿಡಿದು "ಇದನ್ನು ಇವತ್ತು ಮುಗಿಸೋಕೆ ಯಾರ ಕೈ ಬೇಕು?" ಅಂತ ಕೇಳಿ. ಎಲ್ಲ ಟೀಮಿಗೂ ಇದೇ ಹೊಂದುತ್ತದೆ ಅನ್ನಲಾರೆ. ಹೊಸಬರೇ ಜಾಸ್ತಿ ಇರುವ ಕಡೆ ಆ ಮೂರು ಪ್ರಶ್ನೆ ಸ್ವಲ್ಪ ದಿನ ಆಸರೆಯಾಗುತ್ತವೆ. ಮ್ಯಾನೇಜರ್ ಬರೋದನ್ನೇ ನಿಲ್ಲಿಸಿದ್ದಕ್ಕೆ "ನಮ್ಮನ್ನು ಕೇಳೋರೇ ಇಲ್ಲ" ಅಂತ ಬೇಜಾರಾದವರನ್ನೂ ಕಂಡಿದ್ದೇನೆ.

ಆ ಟೀಮಿನ ಮ್ಯಾನೇಜರ್ ಒಳ್ಳೆಯ ಮನುಷ್ಯ. ಹುಡುಗಿಯ ವಿಷಯ ಎತ್ತದೆ ನಾನು ಕೇಳಿಕೊಂಡಿದ್ದು ಒಂದೇ: ನಾಳೆ ನಿಮ್ಮ ಅಡ್ಡಿಯನ್ನು ಮೊದಲು ಹೇಳಿ. ಮರುದಿನ ಅವರು, "ಕ್ಲೈಂಟ್ ಕೇಳಿದ ರೀಫಂಡ್ ವಿಚಾರ ನನಗೆ ಸರಿಯಾಗಿ ತಿಳೀಲಿಲ್ಲ" ಅಂದರು. ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಟೆಸ್ಟಿಂಗ್ ಹುಡುಗ ಮೆಲ್ಲಗೆ, "ಸರ್, ನಂಗೂ ತಿಳಿದಿಲ್ಲ" ಅಂದ.