‘ಊಟ ಆಯ್ತಾ’ ಅಂದರೆ ಏನು ಉತ್ತರ? ಮೈಸೂರು ಸೀಮೆಯಲ್ಲಿ ಮಿಷನರಿ ತರಬೇತಿ ನಡೆದು ಬಂದ ದಾರಿ

ಸಂಜೆ ಐದೂವರೆಗೆ ಮೈಸೂರಿನ ಬನ್ನಿಮಂಟಪದ ಕಡೆ ವಾಕಿಂಗ್ ಹೋದರೆ ಇಪ್ಪತ್ತರ ಆಸುಪಾಸಿನ ಹುಡುಗರ ಗುಂಪೊಂದು ಒಮ್ಮೊಮ್ಮೆ ಎದುರಾಗುತ್ತದೆ. ಒಬ್ಬ ಒಡಿಶಾದವನು, ಇಬ್ಬರು ಕೇರಳದವರು, ಇನ್ನೊಬ್ಬ ಮಿಜೋರಾಂನವನು. ಅಂಗಡಿಯವರು ಇವರನ್ನು ‘ಬ್ರದರ್‌ಗಳು’ ಅಂತಾರೆ. ಇವರೇನು ಓದ್ತಾರೆ ಅಂತ ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ. ಪಾದ್ರಿ ಆಗೋಕೆ ಅಂತ ಒಬ್ಬರು, ಮತಾಂತರದ ಟ್ರೈನಿಂಗ್ ಅಂತ ಇನ್ನೊಬ್ಬರು, ಸಮಾಜ ಸೇವೆಯ ಕೋರ್ಸು ಅಂತ ಮತ್ತೊಬ್ಬರು. ಮೂರೂ ಪೂರ್ತಿ ಸರಿಯಲ್ಲ. ಪೂರ್ತಿ ತಪ್ಪೂ ಅಲ್ಲ.

ಬೇರೆ ಭಾಷೆಯ, ಬೇರೆ ಊಟದ, ಬೇರೆ ನಡಾವಳಿಯ ಜನರ ನಡುವೆ ಹೋಗಿ ಕ್ರೈಸ್ತ ಸೇವೆ ಮಾಡಲು ಹುಡುಗರನ್ನು ತಯಾರು ಮಾಡುವ ಕೆಲಸ ಇದು. ಈಗ ಇದರ ಸುತ್ತ ಕಾನೂನು, ದುಡ್ಡಿನ ಲೆಕ್ಕ, ಜಾತಿ, ಭಾಷೆ, ರಾಜಕೀಯ ಎಲ್ಲ ಸುತ್ತಿಕೊಂಡು ಗಂಟಾಗಿದೆ. ಪರ ಮಾತಾಡುವವರಿಗೂ ವಿರೋಧ ಮಾಡುವವರಿಗೂ ಹಿಂದಿನ ಕತೆ ಅಷ್ಟಾಗಿ ಗೊತ್ತಿರುವುದಿಲ್ಲ. ನಾನು ಕ್ರೈಸ್ತನಲ್ಲ. ಇಂಥ ಒಂದು ತರಬೇತಿ ಮನೆಯಲ್ಲಿ ಮೂರು ವರ್ಷ ಸಂಜೆ ಹೊತ್ತು ಕನ್ನಡ ಹೇಳಿಕೊಟ್ಟವನು, ಅಷ್ಟೆ.

ಕತೆ ಶುರುವಾಗುವುದು ಶ್ರೀರಂಗಪಟ್ಟಣದಿಂದ. 1649ರಲ್ಲಿ ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿ, ಜೆಸ್ವಿಟ್ ಎಂಬ ಕಥೋಲಿಕ ಸಂಘದವನು, ಇಲ್ಲಿಗೆ ಬಂದು ಮೈಸೂರು ಮಿಷನ್ ಆರಂಭಿಸಿದ. ಮಧುರೈಯಲ್ಲಿ ಅದೇ ಸಂಘದ ರಾಬರ್ಟ್ ದೆ ನೊಬಿಲಿ ಅದಾಗಲೇ ಒಂದು ದಾರಿ ಹಾಕಿಕೊಟ್ಟಿದ್ದ. ಸನ್ಯಾಸಿಯ ಬಟ್ಟೆ, ಸಸ್ಯಾಹಾರ, ಊರಿನ ಭಾಷೆ. ಚಿನ್ನಾಮಿಯೂ ಅದೇ ದಾರಿ ಹಿಡಿದು ಕನ್ನಡ ಕಲಿತ, ಕನ್ನಡದ ವ್ಯಾಕರಣ ಬರೆದ. ಆಗ ತರಬೇತಿ ಶಾಲೆ ಅಂತ ಏನೂ ಇರಲಿಲ್ಲ. ಬಂದವನು ಹಳಬನ ಜೊತೆ ಇದ್ದು ಕಲಿಯಬೇಕು. ಕಮ್ಮಾರನ ಮಗ ಕುಲುಮೆಯ ಮುಂದೆ ಕೂತು ಕಲಿಯುವ ಹಾಗೆ.

1773ರಲ್ಲಿ ಪೋಪ್ ಜೆಸ್ವಿಟ್ ಸಂಘವನ್ನೇ ರದ್ದು ಮಾಡಿದರು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ತಂದ. 1799ರಲ್ಲಿ ಕೋಟೆ ಬಿತ್ತು. ಅದಾದ ಮೇಲೆ ಅಲ್ಲಿಗೆ ಬಂದವರು ಅಬ್ಬೆ ದುಬೊಯಿ, ಪ್ಯಾರಿಸ್‌ನ ವಿದೇಶಿ ಮಿಷನ್ ಸಂಘದ ಪಾದ್ರಿ. ನಿಮಿಷಾಂಬ ಗುಡಿಗೆ ಹೋಗುವವರು ಗಂಜಾಂನಲ್ಲಿ ಒಂದು ಹಳೇ ಚರ್ಚು ನೋಡಿರಬಹುದು. ಈಗಲೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಜನ ಅವರನ್ನು ದೊಡ್ಡಸ್ವಾಮಿಯವರು ಅನ್ನುತ್ತಿದ್ದರು. ಇಲ್ಲಿನವರ ಹಾಗೆ ಉಟ್ಟರು, ಇಲ್ಲಿನವರ ಹಾಗೆ ಉಂಡರು, ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು. ಹಿಂದೂಗಳ ರೀತಿ ನೀತಿಯ ಬಗ್ಗೆ ಅವರು ಬರೆದದ್ದನ್ನು ಕಂಪನಿ ಸರ್ಕಾರ ಎರಡು ಸಾವಿರ ಪಗೋಡಕ್ಕೆ (ಆಗಿನ ಚಿನ್ನದ ನಾಣ್ಯ) ಕೊಂಡಿತು. ಅದರಲ್ಲಿ ಬಹುಪಾಲು ಕೂರ್ದು ಎಂಬ ಇನ್ನೊಬ್ಬ ಪಾದ್ರಿಯ ಹಳೆಯ ಬರಹದಿಂದ ಬಂದದ್ದು ಎಂದು ಆಮೇಲೆ ವಿದ್ವಾಂಸರು ತೋರಿಸಿದ್ದಾರೆ. ಅದು ಬೇರೆ ಮಾತು. ಮೂವತ್ತು ವರ್ಷ ಇಲ್ಲಿದ್ದು 1823ರಲ್ಲಿ ವಾಪಸ್ ಹೋಗುವ ಹೊತ್ತಿಗೆ ದುಬೊಯಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಅಂತ ಬರೆದುಬಿಟ್ಟರು. ಅಷ್ಟೊಂದು ಬೆರೆತು ಬಾಳಿದವರೇ ಹೀಗಂದದ್ದು ಆಗಿನ ಮಿಷನರಿಗಳಿಗೆ ಎಷ್ಟು ಉರಿದಿರಬೇಕು!

ಅದೇ ಕಾಲಕ್ಕೆ ಯುರೋಪಿನಲ್ಲಿ ತರಬೇತಿ ಶಾಲೆಗಳು ಎದ್ದವು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1815ರಲ್ಲಿ ಹುಟ್ಟಿ ಮರುವರ್ಷವೇ ಶಾಲೆ ತೆರೆಯಿತು. ಅಲ್ಲಿಗೆ ಸೇರಿದವರಲ್ಲಿ ಜಾಸ್ತಿ ಜನ ರೈತರ, ಕುಶಲಕರ್ಮಿಗಳ ಮಕ್ಕಳು. 1834ರಲ್ಲಿ ಅವರು ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ ತಂದ ಮೊಗ್ಲಿಂಗ್, ನಿಘಂಟು ಮಾಡಿದ ಕಿಟೆಲ್ ಕತೆ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಸೀಮೆಗೆ ಬಂದವರು ಇಂಗ್ಲೆಂಡಿನ ವೆಸ್ಲಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಮಿಷನ್‌ನವರು. ಮೈಸೂರಿನಲ್ಲಿ ಅವರು ಬಿಟ್ಟ ಗುರುತು ಹಲವು. ಹಾರ್ಡ್ವಿಕ್ ಶಾಲೆ, 1887ರಲ್ಲಿ ಶುರುವಾದ ‘ವೃತ್ತಾಂತ ಪತ್ರಿಕೆ’, ವೆಸ್ಲಿ ಪ್ರೆಸ್, ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ. 1906ರಿಂದ ನಡೆಯುತ್ತಿರುವ ಆ ಆಸ್ಪತ್ರೆಯನ್ನು ಆಟೋದವರು ಇವತ್ತಿಗೂ ‘ಮಿಷನ್ ಆಸ್ಪತ್ರೆ’ ಅಂತಲೇ ಅನ್ನುವುದು.

ಹೊಸದಾಗಿ ಹಡಗಿಳಿದ ಮಿಷನರಿಗೆ ಮೊದಲ ಕೆಲಸ ಕನ್ನಡ. ಅದಕ್ಕೊಬ್ಬ ಮುನ್ಷಿ. ಹೆಚ್ಚಾಗಿ ಊರಿನ ಪಂಡಿತರೊಬ್ಬರು ಸಂಬಳಕ್ಕೆ ಬಂದು ಅಕ್ಷರ ತಿದ್ದಿಸಿ, ತಪ್ಪು ಉಚ್ಚಾರಕ್ಕೆ ತಲೆ ಚಚ್ಚಿಕೊಂಡು ಹೋಗುತ್ತಿದ್ದರು. ನಾನೂ ಆ ಸಾಲಿನ ಕೊನೆಯವನು ಅಂತ ಒಮ್ಮೊಮ್ಮೆ ನಗು ಬರುತ್ತದೆ. ಹಳ್ಳಿಹಳ್ಳಿ ಸುತ್ತುವ ಕೆಲಸ ಬಹುಮಟ್ಟಿಗೆ ‘ಉಪದೇಶಿ’ಗಳ ಪಾಲಿಗೆ. ಇಲ್ಲಿಯವರೇ, ಸಣ್ಣ ಸಂಬಳ. ಚರ್ಚಿನ ಗೋಡೆಯ ಅಮೃತಶಿಲೆಯ ಫಲಕಗಳಲ್ಲಿ ಬಿಳಿಯ ದೊರೆಗಳ ಹೆಸರು ಸಿಗುತ್ತದೆ, ಉಪದೇಶಿಗಳದು ಸಿಗುವುದು ಕಡಿಮೆ.

1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಗತ್ತಿನ ಪ್ರಾಟೆಸ್ಟೆಂಟ್ ಮಿಷನ್ ಸಂಘಗಳ ದೊಡ್ಡ ಸಮ್ಮೇಳನ ನಡೆಯಿತು. ಸುಮಾರು 1,200 ಪ್ರತಿನಿಧಿಗಳು. ಮಿಷನರಿಗಳನ್ನು ಹೇಗೆ ತಯಾರು ಮಾಡಬೇಕು ಎಂಬುದಕ್ಕೇ ಒಂದು ಆಯೋಗ ಕೂತು ವರದಿ ಕೊಟ್ಟಿತು. ಆದರೆ ಆ ಸಭೆಯಿಂದ ಜನರ ನೆನಪಿನಲ್ಲಿ ಉಳಿದದ್ದು ದಕ್ಷಿಣ ಭಾರತದ ಪಾದ್ರಿ ವಿ.ಎಸ್. ಅಜರಯ್ಯ ವಿದೇಶಿ ಮಿಷನರಿಗಳಿಗೆ ಆಡಿದ ಮಾತು. ನೀವು ಆಸ್ತಿ ಬಿಟ್ಟಿರಿ, ಪ್ರಾಣ ಬಿಟ್ಟಿರಿ, ನಾವು ಕೇಳುವುದು ಪ್ರೀತಿ, ನಮಗೆ ಸ್ನೇಹಿತರನ್ನು ಕೊಡಿ ಅಂದರು. ಅದೇ ವರ್ಷ ಮಿಜೋ ಗುಡ್ಡಗಳ ಹೆಂಗಸರು ಇನ್ನೊಂದು ಕೆಲಸ ಶುರು ಮಾಡಿದ್ದರು. ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲ ಒಂದು ಹಿಡಿ ತೆಗೆದು ಚರ್ಚಿಗೆ ಎತ್ತಿಡುವುದು. ನಮ್ಮ ಕಡೆ ಮಠಕ್ಕೆ ಹಿಡಿ ಅಕ್ಕಿ ತೆಗೆದಿಡುವ ಹಾಗೆ. ಅದರ ದುಡ್ಡಿನಲ್ಲಿ ಮುಂದೆ ಅಲ್ಲಿಂದ ದೇಶದ ಮೂಲೆಮೂಲೆಗೆ ಮಿಷನರಿಗಳು ಹೊರಟರು. ವಿದೇಶಿ ದುಡ್ಡು ಎಂಬ ಮಾತು ಬಂದಾಗಲೆಲ್ಲ ನನಗೆ ಈ ಹಿಡಿ ಅಕ್ಕಿ ನೆನಪಾಗುತ್ತದೆ. ಲೆಕ್ಕ ಯಾವಾಗಲೂ ಒಂದೇ ಕಡೆ ವಾಲುವುದಿಲ್ಲ.

ಸ್ವಾತಂತ್ರ್ಯ ಬಂತು. 1950ರ ದಶಕದಲ್ಲಿ ಹೊಸ ವಿದೇಶಿ ಮಿಷನರಿಗಳಿಗೆ ವೀಸಾ ಬಿಗಿಯಾಯಿತು. ಇದ್ದವರು ಮುದುಕರಾದರು, ಹೊರಟರು. ತರಬೇತಿಯ ಮುಖವೇ ಬದಲಾದದ್ದು ಇಲ್ಲಿ. ಜರ್ಮನಿಯವನು ಕನ್ನಡ ಕಲಿಯುವ ಕಾಲ ಹೋಯಿತು. ಇನ್ನು ಮಲಯಾಳಿ ಹುಡುಗ ಕನ್ನಡ ಕಲಿಯಬೇಕು, ಕನ್ನಡದ ಹುಡುಗ ಹಿಂದಿ ಕಲಿತು ಉತ್ತರಕ್ಕೆ ಹೋಗಬೇಕು. ಎಲ್ಲರೂ ಭಾರತೀಯರೇ ತಾನೆ, ಇದರಲ್ಲೇನು ಕಷ್ಟ ಅನ್ನಿಸಿತ್ತು ಹಲವರಿಗೆ. ಕಷ್ಟ ಜಾಸ್ತಿಯೇ ಆಯಿತು. ತಪ್ಪು ಮಾತಾಡಿದ ವಿದೇಶಿಯನ್ನು ಜನ ನಕ್ಕು ಕ್ಷಮಿಸುತ್ತಾರೆ. ಪಕ್ಕದ ರಾಜ್ಯದವನನ್ನು ಕ್ಷಮಿಸುವುದಿಲ್ಲ.

ಮೈಸೂರಿನ ಪಾಲಿಗೆ ಮುಖ್ಯವಾದ ಘಟ್ಟ ಇದರ ನಂತರದ್ದು. ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ಕ್ಕೆ ಮುಗಿಯಿತು. ಚರ್ಚಿನ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂತು. ಭಾರತದ ಕಥೋಲಿಕರಿಗೆ 1969ರಲ್ಲಿ ರೋಮ್‌ನಿಂದ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಸಿಕ್ಕಿತು. ಮೊಣಕಾಲೂರುವ ಬದಲು ಕೈ ಮುಗಿಯಬಹುದು. ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂರಬಹುದು. ಮುತ್ತಿಡುವ ಬದಲು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬಹುದು. ಪಾದ್ರಿ ಶಾಲು ಹೊದೆಯಬಹುದು, ಆರತಿ ಎತ್ತಬಹುದು, ಎಣ್ಣೆ ದೀಪ ಹಚ್ಚಬಹುದು. ಇದರ ಹಿಂದೆ ಓಡಾಡಿದವರಲ್ಲಿ ಮುಖ್ಯರು ಪಾದ್ರಿ ಡಿ.ಎಸ್. ಅಮಲೋರ್ಪವದಾಸ್, ಬೈಬಲ್, ಧರ್ಮಬೋಧೆ, ಪೂಜಾವಿಧಿಗಳಿಗಾಗಿ ಕಥೋಲಿಕರು ಬೆಂಗಳೂರಿನಲ್ಲಿ ಮಾಡಿದ ರಾಷ್ಟ್ರೀಯ ಕೇಂದ್ರದ ಆಗಿನ ನಿರ್ದೇಶಕರು. ಮುಂದೆ ಅವರು ಮೈಸೂರಿಗೇ ಬಂದರು. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಧರ್ಮದ ಅಧ್ಯಯನ ವಿಭಾಗ ಕಟ್ಟಿ ಬೆಳೆಸಿದರು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅಂಥದ್ದೊಂದು ವಿಭಾಗ ಆಗ ಅಪರೂಪವೇ. ಒಂದು ಧರ್ಮವನ್ನು ಹೊರಗಿನವರೂ ಓದಬಹುದು, ಒಳಗಿನವರೂ ಹೊರಗೆ ನಿಂತು ನೋಡಬಹುದು ಎಂಬುದು ಅದರ ಹಿಂದಿದ್ದ ಯೋಚನೆ.

ಈ ದಾರಿಗೆ ಏಟು ಎರಡೂ ಕಡೆಯಿಂದ ಬಿತ್ತು. ಕಾವಿ, ಆರತಿ ಎಲ್ಲ ಹಿಂದೂಗಳನ್ನು ಮರುಳು ಮಾಡುವ ವೇಷ ಅಂತ ಕೆಲವರು ಬರೆದರು. ದಲಿತ ಕ್ರೈಸ್ತರ ಆಕ್ಷೇಪ ಬೇರೆಯೇ ಇತ್ತು. ನೀವು ‘ಭಾರತೀಯ’ ಅಂತ ತಂದಿರುವುದೆಲ್ಲ ಮೇಲ್ಜಾತಿಯ ಮನೆಯದ್ದೇ, ಆ ಗುಡಿ ಬಾಗಿಲು ನಮಗೆ ಯಾವತ್ತೂ ತೆರೆದಿರಲಿಲ್ಲ, ಈಗ ಚರ್ಚಿನೊಳಗೆ ಅದನ್ನೇ ಯಾಕೆ ತರುತ್ತೀರಿ? ಈ ಎರಡನೇ ಪ್ರಶ್ನೆಗೆ ಇವತ್ತಿನ ತನಕ ಗಟ್ಟಿ ಉತ್ತರ ಬಂದ ಹಾಗೆ ನನಗೆ ಕಾಣುವುದಿಲ್ಲ. ಅಮಲೋರ್ಪವದಾಸ್ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಜೊತೆಗೇ ಆ ವಾದದ ಬಿಸಿಯೂ ಸ್ವಲ್ಪ ಇಳಿಯಿತು.

ಪ್ರಾಟೆಸ್ಟೆಂಟ್ ಕಡೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿತ್ತು. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ನಡೆದ ಮಿಷನ್ ಸಮ್ಮೇಳನದಲ್ಲಿ ರಾಲ್ಫ್ ವಿಂಟರ್ ಎಂಬ ಅಮೆರಿಕದವರು ‘ಸುವಾರ್ತೆ (ಯೇಸುವಿನ ಸಂದೇಶ) ತಲುಪದ ಜನವರ್ಗಗಳು’ ಎಂಬ ಲೆಕ್ಕ ಮುಂದಿಟ್ಟರು. ದೇಶ ಲೆಕ್ಕ ಬೇಡ, ಜನವರ್ಗ ಎಣಿಸಿ ಅಂತ. ಭಾರತದ ಮಟ್ಟಿಗೆ ಜನವರ್ಗ ಅಂದರೆ ಜಾತಿ ಅಂತಲೇ ಆಯಿತು. ಇಂಥ ಜಾತಿ, ಇಷ್ಟು ಲಕ್ಷ ಜನ, ಇಷ್ಟು ಜನ ಕ್ರೈಸ್ತರು ಅಂತ ಪಟ್ಟಿಗಳು ಬಂದವು. ತರಗತಿಯ ಗೋಡೆಗೆ ನಕ್ಷೆಗಳು ಬಂದವು. ಮಾಡಿದವರ ಮನಸ್ಸಿನಲ್ಲಿ ಏನಿತ್ತೋ, ಆ ಪಟ್ಟಿ ತಮ್ಮ ಜಾತಿಯ ಹೆಸರಿರುವವರ ಕಣ್ಣಿಗೆ ಬಿದ್ದಾಗ ಅವರಿಗೆ ಹೇಗನ್ನಿಸುತ್ತದೆ? ನಮ್ಮೂರಿನ ಹೆಸರನ್ನು ಯಾರೋ ಪಿನ್ನು ಚುಚ್ಚಿ ಗುರುತು ಮಾಡಿಟ್ಟ ಹಾಗೆ. ಸ್ನೇಹಿತರನ್ನು ಕೊಡಿ ಅಂದ ಅಜರಯ್ಯನವರ ಮಾತಿಗೂ ಈ ನಕ್ಷೆಗೂ ಬಹಳ ದೂರ.

ತರಬೇತಿಯ ಅವಧಿಯೂ ಈ ಹೊತ್ತಿಗೆ ಎರಡು ತೆರ ಆಗಿತ್ತು. ಕಥೋಲಿಕ ಪಾದ್ರಿಯಾಗುವವನಿಗೆ ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ, ನಡುವೆ ‘ರೀಜೆನ್ಸಿ’ ಅಂತ ಊರಿನಲ್ಲಿ ಕೆಲಸ, ಎಲ್ಲ ಸೇರಿ ಹತ್ತು ವರ್ಷದ ಹತ್ತಿರ. ಪ್ರಾಟೆಸ್ಟೆಂಟರಲ್ಲಿ ಬಂಗಾಳದ ಸೆರಾಂಪುರ ಕಾಲೇಜು ಕೊಡುವ ದೈವಶಾಸ್ತ್ರದ ಡಿಗ್ರಿಗೆ ವರ್ಷಗಟ್ಟಲೆ ಓದುವವರು ಒಂದು ಕಡೆ, ಮೂರು ತಿಂಗಳ ಕೋರ್ಸು ಮುಗಿಸಿ ‘ಫೀಲ್ಡಿಗೆ’ ಹೊರಡುವವರು ಇನ್ನೊಂದು ಕಡೆ. ಊರಿನವರ ಕಣ್ಣಿಗೆ ಇಬ್ಬರೂ ಒಂದೇ.

ಇನ್ನು ನನ್ನ ತರಗತಿ. ಆಗ ಕನ್ನಡಕ್ಕೆ ಆರು ತಿಂಗಳು, ವಾರಕ್ಕೆ ಐದು ಸಂಜೆ. ಲ ಮತ್ತು ಳ ಸರಿ ಮಾಡಲು ಒಂದು ತಿಂಗಳು ಬೇಕು. ‘ಹಳ್ಳಿ’ಗೆ ಹೋಗ್ತೀನಿ ಅನ್ನಲು ಹೋಗಿ ‘ಹಲ್ಲಿ’ಗೆ ಹೋಗ್ತೀನಿ ಅನ್ನುವವರೇ ಹೆಚ್ಚು. ಮಲಯಾಳಿಗಳಿಗೆ ಆ ತೊಂದರೆ ಇಲ್ಲ, ಈಶಾನ್ಯದವರಿಗೆ ಜಾಸ್ತಿ. ಪಾರಿಭಾಷಿಕ ಪದಗಳಲ್ಲೂ ಜಗಳ. ಯೇಸುವಿನ ಸಂದೇಶ ಪ್ರಾಟೆಸ್ಟೆಂಟರಿಗೆ ‘ಸುವಾರ್ತೆ’, ಕಥೋಲಿಕರಿಗೆ ‘ಶುಭಸಂದೇಶ’. ದೇವರ ಹೆಸರು ಪ್ರಾಟೆಸ್ಟೆಂಟರ ಬೈಬಲಿನಲ್ಲಿ ‘ಯೆಹೋವ’, ಕಥೋಲಿಕರದರಲ್ಲಿ ‘ಸರ್ವೇಶ್ವರ’. ನನಗೆ ಕಷ್ಟವಾಗುತ್ತಿದ್ದದ್ದು ಇದ್ಯಾವುದೂ ಅಲ್ಲ. ನೀನು, ನೀವು. ಹಿಂದಿಯ ‘ತುಮ್’ ರೂಢಿಯಾದವನು ಎಂಬತ್ತರ ಮುದುಕರಿಗೂ ‘ನೀನು ಹೇಗಿದ್ದೀಯ’ ಅನ್ನುತ್ತಿದ್ದ. ಅದನ್ನು ತಿದ್ದಿದರೆ ಎದುರು ಮನೆಯ ನಾಲ್ಕು ವರ್ಷದ ಕೂಸಿಗೂ ‘ತಾವು’ ಶುರು.

ಆರನೇ ತಿಂಗಳು ಹುಡುಗರು ಇಬ್ಬಿಬ್ಬರಾಗಿ ಹದಿನೈದು ದಿನ ಹಳ್ಳಿಯಲ್ಲಿ ಉಳಿಯಬೇಕಿತ್ತು. ಬೋಧನೆ ಮಾಡುವ ಹಾಗಿಲ್ಲ, ಸುಮ್ನೆ ಇದ್ದು ಮಾತು ಕಲಿತು ಬರಬೇಕು. ಒಂದು ವರ್ಷ ಪಾಂಡವಪುರದ ಕಡೆಯ ಹಳ್ಳಿಗೆ ನಾನೂ ಜೊತೆಗೆ ಹೋಗಿದ್ದೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅಜ್ಜಿ ನಮ್ಮ ಹುಡುಗನನ್ನು ನೋಡಿ, ‘ಉಂಡ್ಯೇನ್ ಮಗ?’ ಅಂದರು. ಜಾರ್ಖಂಡಿನ ಹುಡುಗ. ಪುಸ್ತಕದಲ್ಲಿದ್ದದ್ದು ‘ಊಟ ಆಯಿತೇ’. ಎರಡು ಸಲ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಬಹಳ ಪ್ರಾಮಾಣಿಕವಾಗಿ ‘ಇಲ್ಲ’ ಅಂದ. ಮಂಡ್ಯ ಕಡೆ ಅದು ನಮಸ್ಕಾರದ ಹಾಗೆ, ಆಯ್ತು ಕಣವ್ವ, ನಿಮ್ದಾಯ್ತಾ ಅಂದು ಮುಂದೆ ಹೋಗಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ. ಅಜ್ಜಿ ಮೊರ ಕೆಳಗಿಟ್ಟು ಎದ್ದರು. ಒಲೆ ಹಚ್ಚಿ, ಎಸರಿಟ್ಟು, ಹಿಟ್ಟು ಹಾಕಿ ಮುದ್ದೆ ತಿರುವಿ, ಹಿಂದಿನ ದಿನದ ಅವರೆಕಾಳು ಸಾರು ಬಿಸಿ ಮಾಡಿ ತಟ್ಟೆ ಇಟ್ಟರು. ಅವನು ಮುದ್ದೆ ಅಗಿಯಲು ಶುರು ಮಾಡಿದ. ಮೊಮ್ಮಕ್ಕಳೆಲ್ಲ ಬಾಗಿಲಿಗೆ ಬಂದು ನಿಂತರು. ‘ಅಗೀಬೇಡ ಕಣ್ಲಾ, ನುಂಗು’ ಅಂತ ಅಜ್ಜಿ ತಾವೇ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ತೋರಿಸಿದರು. ಆ ಹದಿನೈದು ದಿನದಲ್ಲಿ ಅವನು ಕಲಿತ ಕನ್ನಡ ನನ್ನ ಐದು ತಿಂಗಳಿಗಿಂತ ಹೆಚ್ಚು. ಹೊರಡುವ ದಿನ ಅಜ್ಜಿ ಅವನ ಕೈಗೆ ಹುರಿದ ಕಡಲೆಕಾಯಿ ಕಟ್ಟಿಕೊಟ್ಟರು. ಅವನೇನು ಓದುತ್ತಾನೆ ಅಂತ ಅವರಿಗೆ ಗೊತ್ತಿತ್ತು. ‘ನಿಮ್ಮಪ್ಪ ಅವ್ವ ಚೆನ್ನಾಗವ್ರಾ, ಫೋನ್ ಮಾಡ್ತಿರು’ ಅಂದರು.

ಇನ್ನು ಕಾನೂನಿನ ಎಳೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ ಜೊತೆಗೆ ಪ್ರಸಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ‘ಪ್ರಸಾರ’ ಎಂಬ ಆ ಒಂದು ಪದದ ಮೇಲೆ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಜೋರು ಚರ್ಚೆ ನಡೆದಿತ್ತು. ಪ್ರಸಾರದ ಹಕ್ಕು ಅಂದರೆ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿದೇಶಿ ದೇಣಿಗೆಗೆ 1976ರಲ್ಲಿ ಒಂದು ಕಾಯ್ದೆ, 2010ರಲ್ಲಿ ಹೊಸದು, 2020ರಲ್ಲಿ ತಿದ್ದುಪಡಿ. ಒಂದು ಸಂಸ್ಥೆಗೆ ಬಂದ ವಿದೇಶಿ ದುಡ್ಡನ್ನು ಇನ್ನೊಂದಕ್ಕೆ ಕೊಡುವ ಹಾಗಿಲ್ಲ ಅಂತಾಯಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಬಲವಂತ, ಮೋಸ, ಆಮಿಷದ ಮತಾಂತರಕ್ಕೆ ಶಿಕ್ಷೆ ಇಟ್ಟಿತು. ಧರ್ಮ ಬದಲಿಸುವವರು ಮೂವತ್ತು ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂದಿತು. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಮಾಡಿತು. 2011ರ ಜನಗಣತಿಯಲ್ಲಿ ರಾಜ್ಯದ ಕ್ರೈಸ್ತರು ಶೇಕಡ 1.87. ಇಷ್ಟು ಸಣ್ಣ ಸಂಖ್ಯೆಯ ಸುತ್ತ ಇಷ್ಟು ದೊಡ್ಡ ಗದ್ದಲ ಯಾಕೆ ಅಂತ ಒಬ್ಬರು ಕೇಳುತ್ತಾರೆ. ಹಾಗಾದರೆ ತರಬೇತಿ ಯಾಕೆ ಬೇಕು ಅಂತ ಇನ್ನೊಬ್ಬರು. ಇಬ್ಬರೂ ಎದುರುಬದುರು ಕೂತು ಮಾತಾಡಿದ್ದು ನಾನಂತೂ ನೋಡಿಲ್ಲ.

ಈಗ ಆ ತರಬೇತಿ ಮನೆಯಲ್ಲಿ ಆರು ತಿಂಗಳ ಕನ್ನಡ ಎಂಟು ವಾರಕ್ಕೆ ಇಳಿದಿದೆ. ನನ್ನ ಜಾಗಕ್ಕೆ ಮೊಬೈಲಿನ ಆ್ಯಪ್ ಬಂದಿದೆ. ಹೋದ ವರ್ಷ ಮಾತಾಡುವ ಪರೀಕ್ಷೆಗೆ ಕರೆದಿದ್ದರು, ಹೋಗಿ ಬಂದೆ. ವ್ಯಾಕರಣ ಪರವಾಗಿಲ್ಲ, ಲ, ಳ ಕೂಡ ಸರಿ. ಹಳ್ಳಿಯ ವಾಸ ಹೇಗೆ ನಡೀತಿದೆ ಅಂತ ವಾರ್ಡನ್ ಹತ್ತಿರ ಕೇಳಿದೆ. ಯಾರಾದರೂ ಏನಾದರೂ ಅಂದುಕೊಂಡರೆ ಕಷ್ಟ, ರಾತ್ರಿ ಉಳಿಯುವುದು ಬೇಡ ಅಂತ ಮಾಡಿದ್ದೀವಿ ಅಂದರು. ಬೆಳಿಗ್ಗೆ ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಸಂಜೆ ನಾಲ್ಕಕ್ಕೆ ವಾಪಸ್. ಮಧ್ಯಾಹ್ನದ ಊಟ ಹಾಸ್ಟೆಲಿನಿಂದಲೇ ಡಬ್ಬಿಯಲ್ಲಿ ಹೋಗುತ್ತದೆ.